ಏಳು ವರ್ಷದ ನೀನು ಕೇಳಿದ ಪ್ರಶ್ನೆ

ಅಂಬಲಪಾಡಿ, ಉಡುಪಿ
ಆಟಿ ತಿಂಗಳು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಪತ್ರ, ಅದರ ಜೊತೆ ಕಳಿಸಿದ ಎರಡು ಕಥೆ, ಎಲ್ಲ ಸರಿಯಾಗಿ ತಲುಪಿತು. ಇಲ್ಲಿ ಮಳೆ ಬಿಟ್ಟೇ ಇಲ್ಲ. ಕರೆಂಟು ಹೋಗುವುದು ಬರುವುದು ನಡೆದೇ ಇದೆ. ಹಾಗಾಗಿ ಚಾವಡಿಯ ಕಿಟಕಿ ಹತ್ತಿರ ಕೂತು ನಿಧಾನಕ್ಕೆ ಓದಿದೆ. ನೀನು ಮಕ್ಕಳಿಗಾಗಿ ಬರೆಯಲು ಹೊರಟದ್ದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ. ಅಷ್ಟು ವರ್ಷ ಒಂದನೇ ಎರಡನೇ ಕ್ಲಾಸಿನ ಮಕ್ಕಳ ಜೊತೆ ಕಳೆದವಳು ನಾನು. ಅವರ ಕೈಗೆ ಒಳ್ಳೆಯ ಕನ್ನಡ ಪುಸ್ತಕ ಸಿಗುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಚಿಕ್ಕಂದಿನಲ್ಲಿ ಓದಿದ ಪುಸ್ತಕಗಳನ್ನೆಲ್ಲ ಈಗ ಮತ್ತೆ ಓದುತ್ತಿದ್ದೇನೆ, ಅರ್ಧಕ್ಕರ್ಧ ಸಪ್ಪೆ ಅನ್ನಿಸುತ್ತಿದೆ, ಆಗ ಯಾಕೆ ಅಷ್ಟು ಮರುಳಾಗಿದ್ದೆನೋ ಅಂತ ಬರೆದಿದ್ದಿ. ಬೇಜಾರು ಮಾಡಿಕೊಳ್ಳಬೇಡ. ನೀನು ಓದುವ ಕ್ರಮ ಸ್ವಲ್ಪ ಬದಲಾಗಬೇಕು, ಅಷ್ಟೆ. ಈಗ ನೀನು ಪುಸ್ತಕ ಹೇಗಿದೆ ಅಂತ ನೋಡುತ್ತಿದ್ದಿ. ಭಾಷೆ ಹೇಗಿದೆ, ಕಥೆ ಕಟ್ಟಿದ್ದು ಸರಿಯೋ, ಎಲ್ಲಿ ಎಳೆದಿದ್ದಾರೆ, ಇದನ್ನೆಲ್ಲ. ವಿಮರ್ಶೆ ಬರೆಯುವವರಿಗೆ ಅದು ಬೇಕು. ಮಕ್ಕಳಿಗೆ ಬರೆಯುವವಳಿಗೆ ಅದಕ್ಕಿಂತ ಮೊದಲು ಬೇಕಾದದ್ದು ಬೇರೆ. ಆ ಪುಸ್ತಕ ಹಿಡಿದುಕೊಂಡು ಆಗಿನ ನೀನು ಏನು ಮಾಡಿದ್ದಿ? ಎಲ್ಲಿ ನಿಂತಿದ್ದಿ, ಯಾವ ಪುಟ ಹಾರಿಸಿದ್ದಿ, ಏನು ಕೇಳಿದ್ದಿ? ಹುಡುಕಬೇಕಾದ್ದು ಅದನ್ನು.

ಅದಕ್ಕೆ ಒಂದು ದಾರಿ ಹೇಳುತ್ತೇನೆ. ಇನ್ನು ಮುಂದೆ ಯಾವ ಹಳೆಯ ಪುಸ್ತಕವನ್ನೂ ಸೀದಾ ತೆರೆಯಬೇಡ. ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಅದರ ಬಗ್ಗೆ ನೆನಪಿರುವುದನ್ನೆಲ್ಲ ಬರೆ. ಕಥೆಯ ಕ್ರಮದಲ್ಲೇ ಬರೆಯಬೇಕು ಅಂತಿಲ್ಲ. ಒಂದು ಚಿತ್ರ, ಒಂದು ತಿಂಡಿಯ ಹೆಸರು, ಒಂದು ಹೆದರಿಕೆ, ಏನಿದ್ದರೂ ಸರಿ. ಆಮೇಲೆ ಪುಸ್ತಕ ಓದಿ ಎರಡನ್ನೂ ಪಕ್ಕ ಪಕ್ಕ ಇಡು. ನಿನ್ನ ನೆನಪಿನಲ್ಲಿ ಇರುವ ಎಷ್ಟೋ ಸಂಗತಿ ಪುಸ್ತಕದಲ್ಲಿ ಇರುವುದೇ ಇಲ್ಲ. ಅದನ್ನು ಆಗ ನೀನೇ ಸೇರಿಸಿಕೊಂಡದ್ದು. ಪುಸ್ತಕದಲ್ಲಿ ಎರಡು ಪುಟ ಬರೆದದ್ದು ನಿನಗೆ ಒಂದು ಚೂರೂ ನೆನಪಿರುವುದಿಲ್ಲ. ಅದು ಮಗುವಿನ ತನಕ ಬಂದೇ ಇಲ್ಲ. ಹೆಚ್ಚಾಗಿ ಅದು ನೀತಿ ಹೇಳುವ ಭಾಗವೇ ಆಗಿರುತ್ತದೆ, ನೋಡು ಬೇಕಾದರೆ.

ನಿನ್ನ ಮಟ್ಟಿಗೆ ಒಂದು ಅನುಕೂಲ ಉಂಟು. ನೀನು ಓದಿದ್ದು ನಮ್ಮ ಮನೆಯ ಪುಸ್ತಕ, ರಜೆಯಲ್ಲಿ, ನನ್ನ ಕಣ್ಣೆದುರಿಗೇ. ನಿನಗೆ ಮರೆತದ್ದು ಕೆಲವು ನನಗೆ ನೆನಪಿದೆ.

ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ಈಗ ಓದಿದಾಗ ಗೌಡ ಮಾತು ತಪ್ಪಿದ್ದು, ಅಧಿಕಾರದಲ್ಲಿ ಇರುವವರ ಮೋಸ, ಅದೇ ಮುಖ್ಯ ಅನ್ನಿಸಿತು ಅಂತ ಬರೆದಿದ್ದಿ. ಸರಿಯೇ. ದೊಡ್ಡವರಿಗೆ ಅದೇ ಕಾಣುವುದು. ಜರ್ಮನಿಯ ಹ್ಯಾಮೆಲಿನ್ ಊರಿನ ಹಳೇ ಕಥೆ ಅದು. ಬ್ರೌನಿಂಗ್ 1842ರಲ್ಲಿ ಇಂಗ್ಲಿಷಿನಲ್ಲಿ ಪದ್ಯ ಮಾಡಿದ, ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದರು. ಎಲ್ಲಿಗೆ ಹೋದರೂ ಆ ಮಾತು ತಪ್ಪಿದ್ದು ಕಥೆಯ ಜೊತೆಗೇ ಹೋಗಿದೆ. ಆದರೆ ಏಳು ವರ್ಷದ ನೀನು ಗೌಡನ ಬಗ್ಗೆ ಕೇಳಲೇ ಇಲ್ಲ. ಇಲಿಗಳ ಪಟ್ಟಿ ಬರುವಾಗ ಕುಣಿದಿದ್ದಿ. ಮಕ್ಕಳೆಲ್ಲ ಜೋಗಿಯ ಹಿಂದೆ ಹೋದಾಗ ಸುಮ್ಮನಾದಿ. ಕುಂಟ ಹುಡುಗ ಒಬ್ಬನೇ ಹಿಂದೆ ಉಳಿದ ಅಂದಾಗ ನನ್ನ ಸೆರಗು ಹಿಡಿದು ಕೇಳಿದ್ದಿ: "ದೊಡ್ಡಮ್ಮ, ಮರುದಿನ ಅವನು ಯಾರ ಜೊತೆ ಆಡಿದ?"

ನಾನು ಏನೋ ಉತ್ತರ ಹೇಳಿದ್ದೆ. ನಿನಗೆ ಸಮಾಧಾನ ಆಗಲಿಲ್ಲ. ಊಟಕ್ಕೆ ಕೂತಾಗ ಮತ್ತೆ ಅದನ್ನೇ ಕೇಳಿದಿ. ಅವನ ಶಾಲೆಯಲ್ಲಿ ಉಳಿದ ಬೆಂಚೆಲ್ಲ ಖಾಲಿಯಾ ಅಂತ ಕೇಳಿದಿ. ಟೀಚರ್ ಅವನಿಗೊಬ್ಬನಿಗೇ ಪಾಠ ಮಾಡ್ತಾರಾ ಅಂತ ಕೇಳಿದಿ.

ಪುಟ್ಟಿ, ಊರಿನ ಮಕ್ಕಳೆಲ್ಲ ಹೋದ ಮೇಲೆ ಉಳಿದ ಒಬ್ಬ ಹುಡುಗನ ಮರುದಿನ ಬೆಳಿಗ್ಗೆ. ಇದರಲ್ಲಿ ಒಂದು ಪುಸ್ತಕವೇ ಉಂಟಲ್ಲ? ಗೌಡನ ಮೋಸದ ಮೇಲೆ ಯಾರು ಬೇಕಾದರೂ ಬರೆದಾರು. ಈ ಪ್ರಶ್ನೆ ನಿನ್ನದು. ಹಳೆಯ ಪುಸ್ತಕ ಓದಬೇಕಾದ್ದು ಇಂಥದ್ದನ್ನು ಹುಡುಕಿ ತೆಗೆಯಲು. ಆ ಪುಸ್ತಕದ ಹಾಗೆಯೇ ಇನ್ನೊಂದು ಬರೆಯಲು ಅಲ್ಲ.

ಆದರೆ ಒಂದು ಸಲ ಹಾಗೆ ಓದಿ ಆದ ಮೇಲೆ ಬರೆಯುವವಳ ಕಣ್ಣಿನಿಂದಲೂ ಓದು. ಅದನ್ನು ಬಿಡು ಅಂತ ನಾನು ಹೇಳುವುದಿಲ್ಲ. ಪಂಜೆಯವರ ನಾಗರಹಾವಿನ ಹಾಡು ತಗೋ. ನಮ್ಮ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದವರು ಅವರು. ಮೇಷ್ಟ್ರಾಗಿದ್ದರು, ಶಾಲೆಗಳ ಇನ್ಸ್‌ಪೆಕ್ಟರೂ ಆಗಿದ್ದರು. ಮಕ್ಕಳು ಎಲ್ಲಿ ಬಾಯಿ ತೆರೆಯುತ್ತಾರೆ, ಎಲ್ಲಿ ಆಕಳಿಸುತ್ತಾರೆ ಅಂತ ದಿನಾ ಕಂಡವರು. ಈ ಹಾಡನ್ನು ನೀನು ಕೈ ಹೆಡೆ ಮಾಡಿಕೊಂಡು ಹಾಡುತ್ತಿದ್ದಿ. ಈಗ ನಿಧಾನಕ್ಕೆ ಓದಿ ನೋಡು. ಮೊದಲನೇ ನುಡಿಯಲ್ಲಿ ಕೈಮುಗಿದು, ಹಾಲು ಕೊಡುತ್ತೇನೆ ಅಂತ "ಬಾ ಬಾ" ಕರೆಯುತ್ತಾರೆ. ಎರಡನೆಯದರಲ್ಲಿ ಹೆಡೆ ಬಿಚ್ಚಿ ಆಡು, ಕೊಳಲು ಊದುತ್ತೇನೆ ಅಂತ ಪುಸಲಾಯಿಸುತ್ತಾರೆ. ಮೂರನೆಯದರಲ್ಲಿ ಆಸೆ ಹೊರಗೆ ಬರುತ್ತದೆ. ತಲೆಯಲ್ಲಿ ರತ್ನ ಉಂಟಂತೆ, ಬಡವನಿಗೆ ಕೊಪ್ಪರಿಗೆ ಚಿನ್ನ "ತಾ ತಾ". ನಾಲ್ಕನೆಯದಕ್ಕೆ ಬರುವಾಗ ಹಾವು ಹತ್ತಿರವೇ ಬಂದಾಗಿದೆ. ಮೈ ತಣ್ಣಗೆ, ಮನಸ್ಸಿನಲ್ಲಿ ಹಗೆ. ಈಗ ಕೈಮುಗಿಯುವುದು ಹೆದರಿಕೆಯಿಂದ, "ಪೋ ಪೋ".

ನಾಲ್ಕೇ ನುಡಿ. ಭಕ್ತಿ, ಆಟ, ಆಸೆ, ಭಯ, ಎಲ್ಲ ಬಂದು ಹೋಯಿತು. ಹಾವಿನ ಹತ್ತಿರ ಹೋಗಬೇಡಿ ಮಕ್ಕಳೇ ಅಂತ ಒಂದು ಸಾಲು ಎಲ್ಲಾದರೂ ಇದೆಯಾ? ಇಲ್ಲ. ಬೇಕಾಗಿಯೂ ಇಲ್ಲ. ನಮ್ಮೂರಿನ ಮಕ್ಕಳಿಗೆ ನಾಗ ಅಂದರೆ ನಾಗಬನದಲ್ಲಿ ಹಾಲಿನ ತನು ಎರೆದು ಕೈಮುಗಿಯುವ ದೇವರು. ಬಚ್ಚಲಿನ ಹತ್ತಿರ ಕಂಡರೆ ಎದ್ದುಬಿದ್ದು ಓಡಬೇಕಾದ ಹಾವೂ ಅದೇ. ಎರಡೂ ಒಟ್ಟಿಗೇ ನಿಜ ಅಂತ ಮಗುವಿಗೆ ಗೊತ್ತಿರುತ್ತದೆ. ಪಂಜೆಯವರು ಆ ಗೊತ್ತಿರುವುದನ್ನೇ ನಂಬಿ ಬರೆದರು. ನೀನೂ ಮಗುವನ್ನು ಅಷ್ಟು ನಂಬು.

ಕಷ್ಟ ಶಬ್ದಗಳನ್ನೆಲ್ಲ ತೆಗೆದೆ ಅಂತ ಬರೆದಿದ್ದಿಯಲ್ಲ, ಅದಕ್ಕೂ ಒಂದು ಮಾತು. ನಮ್ಮ ಕರಾವಳಿಯಲ್ಲಿ ಎಷ್ಟು ಮಕ್ಕಳ ಮನೆಮಾತು ಪುಸ್ತಕದ ಕನ್ನಡ ಹೇಳು? ಒಬ್ಬನದು ತುಳು, ಇನ್ನೊಬ್ಬಳದು ಕೊಂಕಣಿ, ಮತ್ತೊಬ್ಬನದು ಬ್ಯಾರಿ, ಕುಂದಾಪುರದ ಕಡೆಯಿಂದ ಬಂದವನಿಗೆ ಅವನದೇ ಕುಂದಗನ್ನಡ. ನನ್ನ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು. ಅವರಿಗೆ ಪುಸ್ತಕದ ಕನ್ನಡ ಅಂದರೆ ಅರ್ಧ ಗೊತ್ತಿರುವ, ಅರ್ಧ ಊಹಿಸಬೇಕಾದ ಭಾಷೆ. ಅದರಿಂದ ಅವರು ಹಿಂದೆ ಬೀಳಲಿಲ್ಲ. ಕಥೆ ಓಡುತ್ತಿದ್ದರೆ ಗೊತ್ತಿಲ್ಲದ ಶಬ್ದದ ಮೇಲೆ ಹಾರಿ ಮುಂದೆ ಹೋಗುತ್ತಿದ್ದರು. ಇನ್ನೊಂದು ಸಲ ಅದೇ ಶಬ್ದ ಬಂದಾಗ ಅರ್ಥ ತಾನಾಗಿ ಹತ್ತುತ್ತಿತ್ತು. ಕಥೆ ನಿಂತರೆ ಮಾತ್ರ ಶಬ್ದ ಕಷ್ಟ ಆಗುವುದು.

ಅಟ್ಟದ ಪೆಟ್ಟಿಗೆಯಲ್ಲಿದ್ದ ಆ ರಷ್ಯನ್ ಪುಸ್ತಕಗಳ ನೆನಪು ಉಂಟಾ? ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ ಬರುತ್ತಿದ್ದವು. ದಪ್ಪ ಕಾಗದ, ದೊಡ್ಡ ಬಣ್ಣದ ಚಿತ್ರ, ರೇಟು ಮಾತ್ರ ತುಂಬಾ ಕಮ್ಮಿ. ನವಕರ್ನಾಟಕದವರ ಅಂಗಡಿಯಲ್ಲಿ ಸಿಗುತ್ತಿತ್ತು. 1991ರಲ್ಲಿ ಸೋವಿಯತ್ ದೇಶವೇ ಇಲ್ಲದಾದ ಮೇಲೆ ಅವೂ ನಿಂತವು. ಅದರಲ್ಲಿ ಹಿಮ ಉಂಟು, ಒಲೆಯ ಮೇಲೆ ಮಲಗುವ ಅಜ್ಜ ಉಂಟು, ಬರ್ಚ್ ಮರ ಉಂಟು. ಹೊರಗೆ ಧೋ ಅಂತ ಉಡುಪಿಯ ಮಳೆ. ಒಳಗೆ ನೀನು ಹೊಟ್ಟೆ ಅಡಿ ಹಾಕಿ ಮಲಗಿ ಹಿಮದ ಕಥೆ ಓದುತ್ತಿದ್ದಿ. ಬರ್ಚ್ ಮರ ಎಂತದ್ದು ಅಂತ ಒಂದು ಸಲವೂ ಕೇಳಲಿಲ್ಲ. ಚಿತ್ರದಲ್ಲಿ ಬಿಳಿ ಕಾಂಡ ಇತ್ತು, ನಿನಗೆ ಅಷ್ಟು ಸಾಕಾಗಿತ್ತು. ಹಾಗಿರುವಾಗ ನಿನ್ನ ಕಥೆಯಲ್ಲಿ "ಪತ್ರೊಡೆ ಎಂದರೆ ಕೆಸುವಿನ ಎಲೆಯಿಂದ ಮಾಡುವ ಒಂದು ಬಗೆಯ ತಿಂಡಿ" ಅಂತ ಯಾಕೆ ನಿಲ್ಲಿಸಿ ಹೇಳುತ್ತಿ? ಅಜ್ಜಿ ಎಲೆಗೆ ಹಿಟ್ಟು ಸವರಿ ಸುರುಳಿ ಸುತ್ತಲಿ, ಹುಡುಗಿ ಪಕ್ಕದಲ್ಲಿ ಕೂತು ಬೆರಳು ನೆಕ್ಕಲಿ. ಬೀದರಿನ ಮಗುವಿಗೂ ಗೊತ್ತಾಗುತ್ತದೆ.

ಚಂದಮಾಮದ ಬೇತಾಳ ಕಥೆಗಳನ್ನು ಈಗ ಒಟ್ಟಿಗೆ ಓದಿದರೆ ಶುರುವೂ ಕೊನೆಯೂ ಪ್ರತಿ ಸಲ ಒಂದೇ, ಬೋರು ಅನ್ನಿಸಿತು ಅಂದಿಯಲ್ಲ. ತಿಂಗಳಿಗೊಂದು ಓದಬೇಕಾದ್ದನ್ನು ಒಂದೇ ರಾತ್ರಿ ಓದಿದರೆ ಹಾಗೇ ಆಗುವುದು. 1949ರಿಂದ ಕನ್ನಡದಲ್ಲಿ ಬಂದ ಪತ್ರಿಕೆ ಅದು. ನನ್ನ ಬಾಲ್ಯವೂ ಅದರಲ್ಲೇ ಕಳೆಯಿತು. ರಾಜ ಮರದ ಹತ್ತಿರ ಹೋಗುತ್ತಾನೆ, ಹೆಣವನ್ನು ಹೆಗಲಿಗೆ ಹಾಕುತ್ತಾನೆ, ಬೇತಾಳ ಮಾತಾಡಲು ಶುರು ಮಾಡುತ್ತದೆ. ಶಂಕರ್ ಅವರ ಆ ಚಿತ್ರ ಕಣ್ಣಿಗೆ ಬಿದ್ದ ಕೂಡಲೇ ನಾವು ಸರಿಯಾಗಿ ಕೂರುತ್ತಿದ್ದೆವು. ಅಷ್ಟು ಹೆದರಿಕೆಯ ಕಥೆಯನ್ನು ಮಕ್ಕಳು ಧೈರ್ಯವಾಗಿ ಓದಿದ್ದು ಆ ಶುರು ಬದಲಾಗುತ್ತಿರಲಿಲ್ಲ ಅನ್ನುವುದಕ್ಕೇ. ದೊಡ್ಡವರಿಗೆ ಹೊಸತು ಬೇಕು. ಮಗುವಿಗೆ ಗೊತ್ತಿರುವುದು ಮತ್ತೆ ಬಂದಾಗ ಆಗುವ ಸಂತೋಷ ಬೇರೆ. ನಿನ್ನ ಮೊದಲನೇ ಕಥೆಯಲ್ಲಿ ಅಜ್ಜಿ ಪ್ರತಿ ಸಲ ಹೇಳುವ ಮಾತನ್ನು ನೀನು ಪ್ರತಿ ಸಲ ಬೇರೆ ಬೇರೆ ಮಾಡಿದ್ದಿ. ಒಂದೇ ಮಾಡು. ಮಕ್ಕಳು ನಿನಗಿಂತ ಮೊದಲು ಅದನ್ನು ಹೇಳುತ್ತಾರೆ.

ಇನ್ನು ನಿನ್ನ ಪತ್ರದ ಆ ಕೊನೆಯ ಪ್ಯಾರಾ. ಅದನ್ನು ನಾನು ಎರಡು ಸಲ ಓದಿದೆ. ಪ್ರೀತಿಸಿದ ಪುಸ್ತಕದಲ್ಲೇ ಈಗ ಮನಸ್ಸಿಗೆ ಚುಚ್ಚುವಂಥದ್ದು ಕಾಣುತ್ತಿದೆ, ಇವನ್ನು ಇಟ್ಟುಕೊಳ್ಳಬೇಕೋ ಬಿಸಾಡಬೇಕೋ ಗೊತ್ತಾಗುತ್ತಿಲ್ಲ ಅಂತ ಬರೆದದ್ದು. ನಿನಗೆ ಕಂಡದ್ದು ನಿಜವೇ. ರಾಕ್ಷಸ ಅಂದರೆ ಕಪ್ಪು, ರಾಜಕುಮಾರಿ ಅಂದರೆ ಬಿಳಿ. ಮಲತಾಯಿ ಅಂದರೆ ಕೆಟ್ಟವಳು. ಬುದ್ಧಿವಂತ ಯಾವಾಗಲೂ ಹುಡುಗನೇ. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. 1967ರಲ್ಲಿ ಶುರುವಾದ ಆ ಪುಸ್ತಕಗಳು ಇಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಪುರಾಣವೇ ಗೊತ್ತಾಗುತ್ತಿರಲಿಲ್ಲ. ಅದರ ಬಗ್ಗೆ ನನಗೆ ತುಂಬಾ ಗೌರವ ಉಂಟು. ಆದರೆ ಅದರ ಬಣ್ಣಗಳ ಬಗ್ಗೆ ಬಂದ ಆಕ್ಷೇಪವೂ ಸರಿಯಾದದ್ದೇ. ರಾಕ್ಷಸನ ಚಿತ್ರ ಬರೆಯಿರಿ ಅಂದರೆ ನನ್ನ ತರಗತಿಯಲ್ಲಿ ಎಲ್ಲರ ಕೈಯೂ ಕಪ್ಪು ಕ್ರೇಯಾನಿಗೇ ಹೋಗುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಚಿಕ್ಕಮ್ಮ, ಅಂದರೆ ಮಲತಾಯಿಯೇ ಸಾಕಿದ ಒಬ್ಬಳು ಹುಡುಗಿ ಇದ್ದಳು. ಮಲತಾಯಿಯ ಕಥೆ ಬಂದ ದಿನ ಅವಳು ತಲೆ ಎತ್ತುತ್ತಲೇ ಇರಲಿಲ್ಲ, ಬಳಪದಿಂದ ಸ್ಲೇಟಿನ ಅಂಚು ಕೆರೆಯುತ್ತಾ ಕೂರುತ್ತಿದ್ದಳು. ಮನೆಯಲ್ಲಿ ಆ ಚಿಕ್ಕಮ್ಮ ಅವಳಿಗೆ ಎರಡು ಜಡೆ ಹೆಣೆದು, ಅಬ್ಬಲಿಗೆ ಮುಡಿಸಿ ಕಳಿಸುತ್ತಿದ್ದವಳು.

ಬಿಸಾಡಬೇಡ. ಆ ಪುಸ್ತಕಗಳು ನಿನ್ನೊಳಗೆ ಇವನ್ನು ಹೇಗೆ ಇಟ್ಟವು ಅಂತ ನೋಡು. ಜೋರಾಗಿ ಹೇಳಿದ ನೀತಿ ನಿನಗೆ ಮರೆತುಹೋಗಿದೆ. ಯಾರೂ ಹೇಳದೆ ಚಿತ್ರದಲ್ಲಿ, ಅಡ್ಡಮಾತಿನಲ್ಲಿ ಬಂದದ್ದು ಉಳಿದಿದೆ. ನಿನ್ನ ಪುಸ್ತಕದಲ್ಲೂ ಅದೇ ಆಗುವುದು. ಹುಡುಗಿಯರೂ ಧೈರ್ಯವಂತರು ಅಂತ ನೀನು ಕೊನೆಯಲ್ಲಿ ಬರೆದ ಸಾಲು ಮಕ್ಕಳು ಮರೆಯುತ್ತಾರೆ. ಅದೇ ಕಥೆಯಲ್ಲಿ ಅಣ್ಣ ಆಡಲು ಹೋದಾಗ ತಂಗಿ ಪಾತ್ರೆ ತೊಳೆಯುತ್ತಾ ಇದ್ದಾಳಲ್ಲ, ಅದು ಮಾತ್ರ ಉಳಿಯುತ್ತದೆ. ನೀನು ಅದನ್ನು ಗಮನಿಸದೆಯೇ ಬರೆದಿರಬೇಕು. ಈಗಲೇ ತಿದ್ದು.

ಮಲ್ಪೆಯ ಕಥೆಗೆ ಬರುತ್ತೇನೆ. ಎರಡರಲ್ಲಿ ನನಗೆ ಅದೇ ಜಾಸ್ತಿ ಇಷ್ಟ. ಅಪ್ಪ ಬೋಟಿನಿಂದ ಬರುವುದನ್ನು ಕಾಯುವ ಆ ಹುಡುಗ, ಮಂಜುಗಡ್ಡೆಯ ಚೂರು ಕದ್ದು ಬಾಯಿಗೆ ಹಾಕುವುದು, ಬಲೆ ಹೊಲಿಯುವ ಅಜ್ಜನ ಕಾಲಿನ ಹೆಬ್ಬೆರಳಿಗೆ ನೂಲು ಸಿಕ್ಕಿಸಿರುವುದು, ಇದೆಲ್ಲ ಕಣ್ಣಿಗೆ ಕಟ್ಟಿತು. ಆದರೆ ಮಾರಾಯ್ತಿ, ಜುಲೈ ತಿಂಗಳಲ್ಲಿ ಟ್ರಾಲ್ ಬೋಟನ್ನು ಹೇಗೆ ಕಡಲಿಗೆ ಇಳಿಸಿದಿ? ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಳೆಗಾಲದ ಈ ಎರಡು ತಿಂಗಳು ಮಲ್ಪೆಯ ಬಂದರಿಗೆ ಹೋದರೆ ಬೋಟಿಗೆ ಬೋಟು ತಾಗಿಸಿ ಕಟ್ಟಿ ಹಾಕಿರುತ್ತಾರೆ. ಆಗ ಹೋಗುವುದು ನಾಡದೋಣಿಯವರು ಮಾತ್ರ. ಬೆಂಗಳೂರಿನಲ್ಲಿ ಓದುವವರು ಇದನ್ನು ಗಮನಿಸದೇ ಇರಬಹುದು. ಮಲ್ಪೆಯ ನಾಲ್ಕನೇ ಕ್ಲಾಸಿನ ಹುಡುಗ ಎರಡನೇ ಪುಟದಲ್ಲೇ ಹಿಡಿಯುತ್ತಾನೆ. ಆಮೇಲೆ ನೀನು ಏನು ಹೇಳಿದರೂ ಅವನು ನಂಬುವುದಿಲ್ಲ. ಅಪ್ಪನನ್ನು ನಾಡದೋಣಿಯಲ್ಲಿ ಕಳಿಸು, ಇಲ್ಲದಿದ್ದರೆ ತಿಂಗಳು ಬದಲಿಸು. ನನ್ನನ್ನು ಕೇಳಿದರೆ ನಾಡದೋಣಿಯೇ ಒಳ್ಳೆಯದು. ಬಂದರಿನ ತುಂಬ ಬೋಟುಗಳೆಲ್ಲ ಕಟ್ಟಿ ನಿಂತಿರುವಾಗ ತನ್ನ ಅಪ್ಪ ಮಾತ್ರ ಹೋಗಿದ್ದಾನೆ ಅಂದರೆ ಆ ಹುಡುಗನ ಕಾಯುವಿಕೆಗೆ ಇನ್ನೂ ಗಟ್ಟಿ ಕಾರಣ ಸಿಗುತ್ತದೆ.

ಮಕ್ಕಳ ಪುಸ್ತಕ ಅಂತ ಸಡಿಲ ಬಿಡಬಾರದು ಅನ್ನುವುದಕ್ಕೆ ಶಿವರಾಮ ಕಾರಂತರನ್ನು ನೋಡು. ಅವರು ಬಾಲಪ್ರಪಂಚ ಅನ್ನುವ ಮಕ್ಕಳ ವಿಶ್ವಕೋಶ ಮಾಡಿದ್ದು 1936ರಲ್ಲಿ. ಮೂರು ದೊಡ್ಡ ಸಂಪುಟ. ಪುತ್ತೂರಿನಲ್ಲಿ ಕೂತು ಮಕ್ಕಳಿಗೆ ಲೋಕದ ಸಂಗತಿಗಳನ್ನೆಲ್ಲ ತಿಳಿಸಲು ಹೊರಟರು. ಅದರಲ್ಲಿ ಎಷ್ಟೋ ವಿಷಯ ಈಗ ಹಳತಾಗಿದೆ. ಮನುಷ್ಯ ಚಂದ್ರನ ಮೇಲೆ ಇಳಿಯುವುದಕ್ಕೆ ಮೂವತ್ತಕ್ಕೂ ಜಾಸ್ತಿ ವರ್ಷ ಮೊದಲಿನ ಪುಸ್ತಕ ಅದು, ಹಳತಾಗದೆ ಇರುತ್ತದಾ? ಆದರೂ ಸಿಕ್ಕಿದರೆ ಓದು. ವಿಷಯಕ್ಕಾಗಿ ಬೇಡ. ಮಕ್ಕಳಿಗೆ ತಾನೇ, ಇಷ್ಟು ಸಾಕು ಅಂತ ಕೈ ಬಿಡದೆ ದುಡಿದ ಒಬ್ಬರ ಹಟ ಎಂಥದ್ದು ಅಂತ ನೋಡಲು ಓದು.

ಮಲ್ಪೆ ಕಥೆಯ ಕೊನೆಯ ಪ್ಯಾರಾ ಪೂರ್ತಿ ತೆಗೆ. ಕಡಲಿಗೆ ಪ್ಲಾಸ್ಟಿಕ್ ಎಸೆಯಬಾರದು ಅಂತ ಹುಡುಗ ಪ್ರತಿಜ್ಞೆ ಮಾಡುವುದು ಬೇಡ. ಬಲೆಯಿಂದ ಅಜ್ಜ ಪ್ಲಾಸ್ಟಿಕ್ ಚೀಲ ಬಿಡಿಸಿ ಬಿಡಿಸಿ ಪಕ್ಕದಲ್ಲಿ ರಾಶಿ ಹಾಕುವುದನ್ನು ಮೂರನೇ ಪುಟದಲ್ಲಿ ನೀನೇ ಬರೆದಾಗಿದೆ. ಮೀನಿಗಿಂತ ಆ ರಾಶಿ ದೊಡ್ಡದಿತ್ತು ಅಂತಲೂ ಬರೆದಿದ್ದಿ. ಅದಕ್ಕಿಂತ ಜಾಸ್ತಿ ಹೇಳಲು ಏನೂ ಉಳಿದಿಲ್ಲ.

ತಿದ್ದಿದ ಮೇಲೆ ಗಟ್ಟಿಯಾಗಿ ಓದು. ನಿನಗೆ ನೀನೇ ಓದಿಕೊಂಡರೆ ಸಾಲದು, ಮಕ್ಕಳ ಎದುರಿಗೆ ಓದು. ನಿನ್ನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮಕ್ಕಳು ಸಿಗಬಹುದಲ್ಲ. ಚೆನ್ನಾಗಿದೆಯಾ ಅಂತ ಅವರನ್ನು ಕೇಳಬೇಡ. ಹೌದು ಅಂತಲೇ ಹೇಳುತ್ತಾರೆ, ಪಾಪ. ಅವರ ಕಾಲು ನೋಡು. ಕಥೆಯ ಒಳಗೆ ಹೋದ ಮಗುವಿನ ಕಾಲು ಅಲ್ಲಾಡುವುದಿಲ್ಲ. ಎಲ್ಲಿ ಕಾಲು ಅಲ್ಲಾಡಲು ಶುರುವಾಯಿತೋ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕು. ಅವರು ಕೇಳುವ ಪ್ರಶ್ನೆಗಳನ್ನೂ ಹಾಗೇ ಬರೆದಿಡು. ಈಗಿನ ಮಕ್ಕಳು ನೀನಲ್ಲ. ಅವರಿಗೆ ಲಾಟೀನು, ಬಾವಿಕಟ್ಟೆ ಗೊತ್ತಿಲ್ಲ, ಅವರ ಹೆದರಿಕೆಗಳೂ ಬೇರೆ. ನಿನ್ನ ಬಾಲ್ಯವನ್ನು ಅವರ ಮೇಲೆ ಹೊರಿಸಬೇಡ. ಆದರೆ ಒಬ್ಬನೇ ಉಳಿದ ಹುಡುಗ ಯಾರ ಜೊತೆ ಆಡಿದ ಅಂತ ಅವರಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ.

ಪೆಟ್ಟಿಗೆಯಲ್ಲಿ ಉಳಿದ ನಿನ್ನ ಪುಸ್ತಕಗಳನ್ನು ಪಾರ್ಸೆಲ್ ಮಾಡಿ ಕಳಿಸುತ್ತೇನೆ, ಆದರೆ ಈಗಲ್ಲ. ಈ ಮಳೆಯಲ್ಲಿ ಬೂಷ್ಟು ಹಿಡಿದಿದೆ. ಆಟಿ ಕಳೆದು ಸೋಣೆ ತಿಂಗಳಲ್ಲಿ ನಾಲ್ಕು ಬಿಸಿಲು ಬಿದ್ದ ಮೇಲೆ ಒಣಗಿಸಿ, ಒರೆಸಿ ಕಳಿಸುವೆ. ನೋಟ್‌ಬುಕ್ಕಿನಲ್ಲಿ ನೆನಪು ಬರೆಯುವ ಕೆಲಸ ಅಷ್ಟರಲ್ಲಿ ಮುಗಿಸಿರು. ಪುಸ್ತಕ ಕೈಗೆ ಬಂದ ಮೇಲೆ ಅದು ಆಗುವುದಿಲ್ಲ. ಹಳದಿ ರಟ್ಟಿನ ಒಂದು ಪುಸ್ತಕದಲ್ಲಿ ಎರಡು ಪುಟ ಅಂಟಿಕೊಂಡಿದೆ. ರಾಕ್ಷಸನ ಚಿತ್ರ ಕಾಣಬಾರದು ಅಂತ ನೀನೇ ಅನ್ನದ ಅಗುಳು ಹಾಕಿ ಅಂಟಿಸಿದ್ದು. ನಾನು ಬಿಡಿಸಿಲ್ಲ, ನೀನೇ ಬಿಡಿಸಿ ನೋಡು.

ಮಲ್ಪೆ ಕಥೆಯನ್ನು ತಿದ್ದಿ ಚೌತಿಯ ಒಳಗೆ ಕಳಿಸು. ಅಮ್ಮನಿಗೆ ಫೋನು ಮಾಡಲು ಹೇಳು. ಹುರುಳಿ ಬೇಕು ಅಂದಿದ್ದಳು, ತೆಗೆದಿಟ್ಟಿದ್ದೇನೆ. ಊಟ ತಿಂಡಿ ಸರಿಯಾಗಿ ಮಾಡು.

ಇತಿ,
ನಿನ್ನ ದೊಡ್ಡಮ್ಮ